ಭಾರವಿಡಿ

ಮಹಾಗಣಪತಿ ಮಾಸ್ತರರಿಗೆ ಕಣ್ಣಿತ್ತು. ಹೆಂಡತಿಯ ಮಟ್ಟಿಗೆ ದೃಷ್ಟಿ ಇರಲಿಲ್ಲ. ಹೊನ್ನಾವರದ ಹೈಸ್ಕೂಲಿನಲ್ಲಿ ಕೊನೆಯ ಬೆಂಚಿನವನ ಬಾಯೊಳಗಿನ ಪೆಪ್ಪರಮಿಂಟನ್ನು ಕಾಣುವ ಮನುಷ್ಯ, ನರ್ಮದೆ ಮೂಗುತಿ ಬದಲಿಸಿದ್ದನ್ನು ಆರು ವರ್ಷವಾದರೂ ಕಂಡಿರಲಿಲ್ಲ.

ಎಂಬತ್ತಮೂರನೇ ಇಸವಿಯಲ್ಲಿ ಹುಬ್ಬಳ್ಳಿಯ ಕುಕ್ಕರ್ ಕಂಪನಿಯೊಂದು ತನ್ನ ಕೈಪಿಡಿಯನ್ನು ಕನ್ನಡದಲ್ಲಿ ಬರೆದುಕೊಡಲು ಅವರನ್ನು ಕೇಳಿತು. ಜೊತೆಗೊಂದು ಕುಕ್ಕರನ್ನೂ ಒಂದು ಷರತ್ತನ್ನೂ ಕಳಿಸಿತು: ಬರೆದದ್ದನ್ನು ಗೃಹಿಣಿಯೊಬ್ಬಳಿಗೆ ಕೊಟ್ಟು, ಅವಳು ಓದಿಕೊಂಡು ಅಡಿಗೆ ಮಾಡುವುದನ್ನು ಎದುರು ಕೂತು ನೋಡಬೇಕು, ಮಾತಾಡಬಾರದು, ಅವಳು ಎಡವಿದಲ್ಲೆಲ್ಲ ತಪ್ಪು ಬರೆದವರದ್ದೆಂದು ಗುರುತು ಹಾಕಿಕೊಳ್ಳಬೇಕು. (ಮಾತಾಡದಿರುವುದು ಮಾಸ್ತರರಿಗೆ ಕಷ್ಟವಾಗಲಿಲ್ಲ, ಮನೆಯಲ್ಲಿ ಆ ಅಭ್ಯಾಸ ಇಪ್ಪತ್ತೆರಡು ವರ್ಷದ್ದು. ತಪ್ಪು ತಮ್ಮದೆನ್ನುವುದು ಹೊಸತು.)

ಮಾಸ್ತರರು ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ನರ್ಮದೆ ಓದಿದಳು: 'ಮುಚ್ಚಳದ ಮೇಲೆ ಭಾರವಿಡಿ.' ಭಾರವೆಂದರೆ ಸೀಟಿ ಎಂದು ಅವಳಿಗೆ ಗೊತ್ತಿತ್ತು. ಭಟ್ಕಳದ ತಂಗಿಯ ಮನೆಯಲ್ಲಿ ಕುಕ್ಕರ್ ಬಳಸಿದವಳೇ. ತಲೆಯೆತ್ತಿದರೆ ಗಂಡ ತನ್ನನ್ನೇ ನೋಡುತ್ತಿದ್ದಾರೆ. ಮದುವೆಯ ದಿನ ಅಂತರಪಟ ಸರಿದಾಗಲೂ ಹೀಗೆ ನೋಡಿರಲಿಲ್ಲ. ಆಗ ಭಟ್ಟರ ಮಂತ್ರದಲ್ಲಿ ತಪ್ಪು ಹುಡುಕುತ್ತಿದ್ದರು.

ಸೀಟಿ ಇಟ್ಟರೆ ಈ ನೋಟ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನರ್ಮದೆ ಒರಳಿನ ಗುಂಡನ್ನು ಎತ್ತಿ ತಂದು ಮುಚ್ಚಳದ ಮೇಲಿಟ್ಟಳು.

"ಎಂತ ಮಾಡ್ತಾ ಇದ್ದೆ ಮಾರಾಯ್ತಿ?"

"ಭಾರ ಇಡಿ ಅಂತ ನಿಂಗಳೇ ಬರದ್ರಿ. ಇದಕ್ಕಿಂತ ಭಾರದ್ದು ಮನೇಲಿ ಆನೊಬ್ಳೇ ಇದ್ದಿ. ಹತ್ತಿ ಕೂತ್ಕಳವ?"

"ಮಾತಾಡ್ಸಡ. ಬರ್ಕತ್ತಾ ಇದ್ದಿ," ಎಂದು ಮಾಸ್ತರರು ಪೆನ್ಸಿಲ್ ಓಡಿಸಿದರು.

ಆ ವಾರ ಕೈಪಿಡಿ ಐದು ಸಲ ತಿದ್ದಿಸಿಕೊಂಡಿತು. 'ಉರಿ ತಗ್ಗಿಸಿ' ಎಂದದ್ದಕ್ಕೆ ನರ್ಮದೆ ಸ್ಟೌವನ್ನೇ ಕಟ್ಟೆಯಿಂದ ನೆಲಕ್ಕಿಳಿಸಿದಳು. 'ಹಬೆ ಹೋಗಲು ಬಿಡಿ' ಎಂದದ್ದಕ್ಕೆ ಹಿತ್ತಲ ಬಾಗಿಲು ತೆರೆದು ನಿಂತಳು. ಸಂಜೆಯ ಅನ್ನಕ್ಕೆ ಇಳಕಲ್ ಸೀರೆ ಉಡತೊಡಗಿದಳು. ಮಾಸ್ತರರು ನೋಡಿದರು, ಬರೆದರು, ತಿದ್ದಿದರು. 'ಭಾರ' ಹೋಗಿ 'ಸೀಟಿ' ಬಂತು.

ಶನಿವಾರ ಅವರು ಪಕ್ಕದ ಮನೆಯ ಹೊಸ ಸೊಸೆ ಮೂಕಾಂಬಿಕಾಳನ್ನು ಕರೆತಂದರು. ಕುಕ್ಕರನ್ನೇ ಮುಟ್ಟಿರದ ಆ ಹುಡುಗಿ ಕೈಪಿಡಿ ಓದುತ್ತ ಓದುತ್ತ ಅನ್ನ ಮಾಡಿಯೇಬಿಟ್ಟಳು.

"ಆತು. ಸೋಮವಾರ ಟಪಾಲಿಗೆ ಹಾಕ್ತಿ," ಎಂದು ಮಾಸ್ತರರು ಮಣೆಯನ್ನು ಗೋಡೆಗೆ ಒರಗಿಸಿದರು.

ಅನ್ನ ಬೆಂದಿಲ್ಲವೆಂದಳು ನರ್ಮದೆ. ಬೆಂದಿತ್ತು.

ಸೋಮವಾರ ಅವಳು ಹಳೆಯ ನೂಲಿನ ಸೀರೆ ಉಟ್ಟಳು. ಸಂಜೆ ಅಡಿಗೆಮನೆಗೆ ಬಂದರೆ ಮಾಸ್ತರರು ಪೆನ್ಸಿಲ್ ಕೆತ್ತಿಕೊಂಡು ಮಣೆಯ ಮೇಲೆ ಕೂತಿದ್ದಾರೆ.

"ಒಂದ್ಕಡೆ ಅನುಮಾನ ಇದ್ದು. ಇನ್ನೊಂದ್ಸಲ ಮಾಡು."

ನರ್ಮದೆ ಕಾಗದ ನೋಡಿದಳು. 'ಸೀಟಿ'ಯನ್ನು ಹೊಡೆದುಹಾಕಿ ಮತ್ತೆ 'ಭಾರ' ಎಂದು ಬರೆದಿತ್ತು. ಒರಳಿನ ಕಡೆ ಹೋದಳು. ಗುಂಡು ಅಲ್ಲಿರಲಿಲ್ಲ.

ತೊಳೆದು, ಒರೆಸಿ, ಸ್ಟೌವಿನ ಪಕ್ಕದಲ್ಲಿ ಇಟ್ಟಾಗಿತ್ತು.