ರಾಹುಕಾಲಕ್ಕೆ ಮುಂಚಿನ ಬಿಡುಗಡೆ

ಮೌನೇಶನ ಆ ಮಂಗಳವಾರವನ್ನು ಕೆಡಿಸಿದ್ದು ಒಂದು ಹಿತ್ತಾಳೆಯ ಗಂಟೆ.

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಒಂದು ಮನೆಯ ಮಹಡಿಯ ಮೇಲೆ ಚಕ್ರಪಾಣಿಯವರ ಪುಟ್ಟ ಸಾಫ್ಟ್‌ವೇರ್ ಕಂಪನಿಯಿತ್ತು. ಕೆಲಸಕ್ಕಿದ್ದವರು ಮೂವರು. ಹಂಸಾ ರಕ್ತಪರೀಕ್ಷೆಯ ಲ್ಯಾಬುಗಳಿಗೆ, ಶ್ರೀಕರ್ ಲೈಬ್ರರಿಗಳಿಗೆ, ಮೌನೇಶ ಕಲ್ಯಾಣ ಮಂಟಪಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದರು. ಮೂರೂ ಬೇರೆ ಬೇರೆ ಸರಕಾದರೂ ಇಟ್ಟುಕೊಂಡಿದ್ದು ಮಾತ್ರ ಒಂದೇ ಭಂಡಾರದಲ್ಲಿ. ಕೂಡು ಕುಟುಂಬದ ಬೀರುವಿನ ಹಾಗೆ ಮೂವರಿಗೂ ಒಂದೊಂದು ಅರೆ, ಕೆಳಗೆ ಎಲ್ಲರಿಗೂ ಸೇರಿದ ‘ಕಾಮನ್’ ಎಂಬ ಇನ್ನೊಂದು ಅರೆ. ರಸೀದಿ ಪ್ರಿಂಟು ಮಾಡುವುದು, ತಾರೀಖು ನೋಡುವುದು, ಮಾದರಿ ಮಾಹಿತಿ, ಇಂಥವೆಲ್ಲ ಆ ಕಾಮನ್ ಅರೆಯಲ್ಲಿ. ಯಾರು ಎಲ್ಲಿ ಏನು ಬದಲಾಯಿಸಿದರೂ ಇಡೀ ಬೀರುವಿಗೆ ಒಂದು ಹೊಸ ನಂಬರು ಬೀಳುತ್ತಿತ್ತು. ಹಳೆಯ ನಂಬರು ಹೇಳಿದರೆ ಆ ಹೊತ್ತಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ತೆಗೆದುಕೊಡುವುದು ಅದರ ಒಳ್ಳೆಯ ಗುಣ.

ಒಬ್ಬರು ಇಡುವಾಗ ಇನ್ನೊಬ್ಬರು ಕೈ ಹಾಕಬಾರದೆಂದು ಚಕ್ರಪಾಣಿ ದೇವರ ಪಟದ ಮುಂದಿದ್ದ ಗಂಟೆಯನ್ನು ತಂದು ನಡುಮೇಜಿನ ಮೇಲಿಟ್ಟಿದ್ದರು. ಬದಲಾವಣೆ ಇಡುವ ಮುಂಚೆ ಅದನ್ನು ಬಾರಿಸಬೇಕು. ಮೊದಲ ದಿನವೇ ಕೆಳಗಿನ ಮನೆಯ ಒಡತಿ ಅಮ್ಮಣ್ಣಿ ಮಹಾಮಂಗಳಾರತಿಯೆಂದು ಸೆರಗು ಹೊದ್ದು ಮೇಲೆ ಬಂದಿದ್ದರು. ಬರಿಗೈಯಲ್ಲಿ ಕಳಿಸಲಾಗದೆ ಹಂಸಾ ಒಂದು ಬಿಸ್ಕತ್ತು ಕೊಟ್ಟಿದ್ದಳು. ಆವತ್ತಿನಿಂದ ಗಂಟೆಯಾದಾಗಲೆಲ್ಲ ಅಮ್ಮಣ್ಣಿಯವರು ಬರುತ್ತಿದ್ದರು.

ಮೌನೇಶನಿಗೆ ಬುಧವಾರ ಗದಗಿನಲ್ಲಿ ಹುಡುಗಿ ನೋಡುವ ಕಾರ್ಯಕ್ರಮವಿತ್ತು. ಹುಡುಗಿಯ ಹೆಸರು ಭಾಗ್ಯಜ್ಯೋತಿ. ಹೊಸ ಪ್ರೋಗ್ರಾಂ ಹೊರಬಿಡುವ ರಿಲೀಸುಗಳ ದೆಸೆಯಿಂದ ಅವನಿಗೆ ಎರಡು ಸಲ ಹೋಗಲಾಗಿರಲಿಲ್ಲ. ಮೂರನೇ ಸಲವೂ ತಪ್ಪಿದರೆ ಬೇರೆ ಗಂಡು ನೋಡುತ್ತೇವೆಂದು ಹುಡುಗಿಯ ತಂದೆ ಹೇಳಿ ಕಳಿಸಿದ್ದರು. ಮಂಟಪದ ಪ್ರೋಗ್ರಾಂ ಮಂಗಳವಾರ ಸೀಡಿಯಲ್ಲಿ ಹೊರಬಿದ್ದರೆ ಸಂಜೆಯ ಬಸ್ಸಿಗೆ ರಜ ಎಂದು ಚಕ್ರಪಾಣಿ ಒಪ್ಪಿದ್ದರು. ಅದಕ್ಕೆ ಅಮ್ಮಣ್ಣಿಯವರು ತಮ್ಮದೊಂದು ಷರತ್ತು ಸೇರಿಸಿದರು.

“ಮಂಗಳವಾರ ಮೂರಕ್ಕೆ ರಾಹುಕಾಲ. ಅದ್ರೊಳಗೆ ಸೀಡಿ ಹೊಸ್ತಿಲು ದಾಟ್ಬೇಕು, ಹೇಳಿದೀನಿ.”

ಮೂರೂವರೆಗೆ ಮಂಟಪದ ಟ್ರಸ್ಟಿನ ಸಭೆಯೂ ಇದ್ದುದರಿಂದ ಚಕ್ರಪಾಣಿ ಆ ಷರತ್ತಿಗೂ ತಲೆಯಾಡಿಸಿದರು.

ಏನೇ ಆಗಲಿ ಈ ಸಲ ಹೋಗಿಯೇ ತೀರಬೇಕೆಂದು ಮೌನೇಶ ಬಿಟಿಎಂ ಲೇಔಟಿನ ರೂಮಿನಿಂದ ಬ್ಯಾಗು ಸಮೇತ ಎಂಟಕ್ಕೇ ಆಫೀಸಿಗೆ ಬಂದ. ಮಂಟಪದವರ ಅಭ್ಯಾಸಕ್ಕೆಂದು ಸೀಡಿಯ ಜೊತೆ ಒಂದೆರಡು ಮಾದರಿ ಬುಕಿಂಗ್ ಹೋಗುವುದು ವಾಡಿಕೆ. ಹಿಂದಿನ ದಿನ ಅವಸರದಲ್ಲಿ ಕಣ್ಣಿಗೆ ಬಿದ್ದ ಹೆಸರು ತುಂಬಿಸಿದ್ದ. ಅವನ್ನು ಅಳಿಸಿ ‘ಮಾದರಿ ವರ’, ‘ಮಾದರಿ ವಧು’ ಎಂದು ಅಚ್ಚುಕಟ್ಟಾಗಿ ಬರೆದು, ಖಾಲಿ ಆಫೀಸಿನಲ್ಲೂ ನಿಯಮದಂತೆ ಗಂಟೆ ಬಾರಿಸಿ ಇಟ್ಟ. ನಾನೂರ ಹದಿನಾಲ್ಕನೇ ನಂಬರು ಬಿತ್ತು. ಅಮ್ಮಣ್ಣಿ ಬಂದು ಬಿಸ್ಕತ್ತು ತೆಗೆದುಕೊಂಡು ಹೋದರು.

ಆಮೇಲೆ ಒಂದು ರಸೀದಿ ಪ್ರಿಂಟು ತೆಗೆದು ನೋಡಿದರೆ ವರನ ಹೆಸರಿನ ಕೆಳಗೆ ‘ಬರಿಹೊಟ್ಟೆ: ಹೌದು / ಅಲ್ಲ’ ಎಂದಿತ್ತು.

ಒಂಬತ್ತೂವರೆಗೆ ಬಂದ ಹಂಸಾಳನ್ನು ಕೇಳಿದ. ನಿನ್ನೆ ಸಂಜೆ ಅವನು ಹೋದ ಮೇಲೆ ಲ್ಯಾಬಿನವರಿಗಾಗಿ ಕಾಮನ್ ಅರೆಯ ರಸೀದಿ ಬದಲಾಯಿಸಿದ್ದಾಗಿ ಅವಳು ಒಪ್ಪಿಕೊಂಡಳು. ಅದು ನಾನೂರ ಹದಿಮೂರು.

“ಗಂಟೆ ಹೊಡ್ದೇ ಇಟ್ಟೆ ಮೌನೇಶ್. ನೀವು ಮನೇಲಿದ್ರೆ ನಾನೇನ್ ಮಾಡ್ಲಿ?”

ವಾಪಸು ತೆಗೆಯಲು ಅವಳು ಸುತರಾಂ ಒಪ್ಪಲಿಲ್ಲ; ಅವಳ ಲ್ಯಾಬಿನವರೂ ಕಾದಿದ್ದರು. ಮೌನೇಶ ವಾದಿಸದೆ ಕೂತು, ಮಂಟಪದ ರಸೀದಿಯಲ್ಲಿ ಮಾತ್ರ ಆ ಸಾಲು ಕಾಣದಂತೆ ಮಾಡಿದ. ಅಷ್ಟಾಗುವಾಗ ಹನ್ನೆರಡು; ಬೀರುವಿಗೆ ಇಡುವುದೊಂದು ಬಾಕಿ. ಸಮಾಧಾನದಿಂದ ನೀರು ಕುಡಿಯುತ್ತಿದ್ದವನ ಬೆನ್ನ ಹಿಂದೆ ಗಂಟೆ ಢಣಢಣ ಎಂದಿತು. ಶ್ರೀಕರ್ ಲೈಬ್ರರಿಗಾಗಿ ಕಾಮನ್ ಅರೆಯಲ್ಲಿ ಏನೋ ಇಟ್ಟ, ನಾನೂರ ಹದಿನೈದು. ಮೌನೇಶ ಓಡಿಹೋಗಿ ಪ್ರಿಂಟು ತೆಗೆದ. ರಸೀದಿಯಲ್ಲಿ ಹೀಗಿತ್ತು: ‘ಪಡೆದವರು: ಮಾದರಿ ವರ. ಪಡೆದದ್ದು: ಮಾದರಿ ವಧು. ಹದಿನಾಲ್ಕು ದಿನದೊಳಗೆ ಹಿಂತಿರುಗಿಸತಕ್ಕದ್ದು.’

ಶ್ರೀಕರ್ ಅದನ್ನು ಎರಡೆರಡು ಸಲ ಓದಿದ. “ಮಗಾ, ಸಖತ್ತಾಗಿದೆ. ಹಿಂಗೇ ಕಳ್ಸು, ಮಂಟಪ ತುಂಬಿ ತುಳುಕತ್ತೆ.”

ಮೌನೇಶ ನಗಲಿಲ್ಲ. ಹಂಸಾ, ಶ್ರೀಕರ್ ಇಬ್ಬರೂ ಊಟಕ್ಕೆ ಹೊರಟಾಗ ಗಂಟೆಯನ್ನೆತ್ತಿ, ಅದರ ನಾಲಗೆಗೆ ಕರ್ಚೀಫು ಸುತ್ತಿ ತನ್ನ ಟಿಫನ್ ಕ್ಯಾರಿಯರಿನೊಳಗೆ ಇಟ್ಟು ಮುಚ್ಚಳ ಹಾಕಿದ. ಗಂಟೆಯಿಲ್ಲದಿದ್ದರೆ ಯಾರೂ ಏನೂ ಇಡುವಂತಿಲ್ಲವೆನ್ನುವುದು ಅವನ ತರ್ಕ. ಅದು ಅರ್ಧ ಗಂಟೆಯೂ ಬಾಳಲಿಲ್ಲ. ಶ್ರೀಕರ್ ಚಮಚದಲ್ಲಿ ಸ್ಟೀಲ್ ಲೋಟವನ್ನು ನಾಲ್ಕು ಸಲ ಬಡಿದು ನಾನೂರ ಹದಿನಾರನ್ನು ಇಟ್ಟ. ಅಮ್ಮಣ್ಣಿ ಬಂದು, ಶಬ್ದ ಯಾಕೋ ಶಾಸ್ತ್ರಕ್ಕೆ ಒಪ್ಪುವಂತಿಲ್ಲವೆಂದು ಆಕ್ಷೇಪಿಸಿ, ಎರಡೂಕಾಲಾಯಿತೆಂದೂ ನೆನಪಿಸಿ ಹೋದರು.

ಮೌನೇಶ ಕಣ್ಣು ಮುಚ್ಚಿ ಕುಳಿತ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೆಕ್ಚರರು ಹೇಳುತ್ತಿದ್ದುದು ನೆನಪಾಯಿತು: ಫಲಿತಾಂಶ ತಪ್ಪು ಬಂದರೆ, ಕಡೆಯ ಸಲ ಸರಿ ಬಂದಾಗ ಏನೇನಿತ್ತೋ ಅಲ್ಲಿಗೇ ಹೋಗಿ ನಿಲ್ಲಬೇಕು. ಸೋಮವಾರ ಸಂಜೆ ಐದಕ್ಕೆ ಎಲ್ಲವೂ ಸರಿಯಿತ್ತು. ಆಗಿನ ನಂಬರು ನಾನೂರ ಹನ್ನೆರಡು. ಇಡೀ ಬೀರು ಯಾಕೆ ಬೇಕು? ತನ್ನ ಅರೆಯನ್ನು ಇವತ್ತಿನದು, ಕಾಮನ್ ಅರೆಯನ್ನು ನಾನೂರ ಹನ್ನೆರಡರದು ತೆಗೆದುಕೊಂಡು ಜೋಡಿಸಿದರೆ ಆಯಿತು. ಉಳಿದವರು ಎಷ್ಟು ಬೇಕಾದರೂ ಲೋಟ ಬಡಿದುಕೊಳ್ಳಲಿ.

ಹಾಗೆಯೇ ಮಾಡಿದ. ಹೊಸದೊಂದು ಬುಕಿಂಗ್ ಹಾಕಿ ರಸೀದಿ ತೆಗೆದ. ಬರಿಹೊಟ್ಟೆಯೂ ಇಲ್ಲ, ಹಿಂತಿರುಗಿಸುವುದೂ ಇಲ್ಲ, ಮಂಗಳವಾದ್ಯದಂಥ ರಸೀದಿ. ಎರಡು ಐವತ್ತೆರಡಕ್ಕೆ ಸೀಡಿ ಹೊರಬಂತು. ಮಂಟಪದ ಮ್ಯಾನೇಜರ್ ದೇವದಾಸ್ ಕೈಗೆ ತಾವೇ ಕೊಡಬೇಕೆಂದು ಚಕ್ರಪಾಣಿ ಅದನ್ನು ಜೇಬಿನಲ್ಲಿಟ್ಟುಕೊಂಡು ಸ್ಕೂಟರ್ ಹತ್ತಿದರು. ಗೇಟಿನ ಹತ್ತಿರ ಗಡಿಯಾರ ಹಿಡಿದು ನಿಂತಿದ್ದ ಅಮ್ಮಣ್ಣಿ “ಮೂರು ನಿಮಿಷ ಉಳೀತು” ಎಂದರು.

ಚಕ್ರಪಾಣಿ ಮರಳಿದ್ದು ಐದಕ್ಕೆ, ಮುಖ ತುಂಬ ನಗು. ರಜದ ಅರ್ಜಿಗೆ ನಿಂತಲ್ಲೇ ಸಹಿ ಹಾಕಿ, ಎರಡು ಕೇಳಿದ್ದವನಿಗೆ ಮೂರು ದಿನ ಕೊಟ್ಟರು.

“ದೇವದಾಸ್ ಅವ್ರಿಗೆ ಭಾಳ ಖುಷಿ ರೀ. ಮಾದರಿ ಅಂತ ಬರ್ದಿರೋದು ಬಿಟ್ಟು ಮಿಕ್ಕಿದ್ದೆಲ್ಲ ನಿಜವಾದ ಬುಕಿಂಗು ಅಂತ ನಾನೂ ಹೇಳ್ದೆ. ಆಗ್ಲೇ ಎರಡಿದೆ ಅಂತ ನಮ್ಮೆದುರಿಗೇ ಪಾರ್ಟಿಗೆ ಫೋನ್ ಮಾಡಿದ್ರು. ಎಷ್ಟು ಶಿಸ್ತಿನ ಮನುಷ್ಯ ನೋಡಿ.”

“ಎರಡೂ ಮಾದರೀನೇ ಅಲ್ವಾ ಸಾರ್?”

“ಮಾದರಿ ಅಂತ ಎಲ್ಲೂ ಇರ್ಲಿಲ್ವಲ್ಲ. ಒಳ್ಳೊಳ್ಳೆ ಹೆಸರು, ಫೋನ್ ನಂಬರ್ ಸಮೇತ ಇತ್ತು.”

ಮೌನೇಶನ ಹೆಗಲಿನ ಬ್ಯಾಗು ಮೊಣಕೈಗೆ ಜಾರಿತು. ಅದೇ ಹೊತ್ತಿಗೆ ಮೊಬೈಲ್ ರಿಂಗಾಯಿತು. ಗದಗಿನಿಂದ ಅವನ ಅಣ್ಣ ಚನ್ನವೀರ.

“ತಮ್ಮಾ, ಬಸ್ ಹತ್ತೀ ಏನ?”

“ಇನ್ನೂ ಇಲ್ಲಣ್ಣಾ.”

“ಹತ್ತಬ್ಯಾಡ. ಭಾಗ್ಯಜ್ಯೋತಿ ಅಪ್ಪಗ ಯಾವನೋ ಮಂಟಪದ ಮ್ಯಾನೇಜರ್ ಫೋನ್ ಮಾಡಿದ್ದನಂತ. ನಿಮ್ಮ ಮಗಳ ಲಗ್ನ ಮುಂಜಾನೆ ಐತಿ, ಮೂರಕ್ಕ ಹಾಲ್ ಖಾಲಿ ಮಾಡ್ರಿ ಅಂದನಂತ. ಯಾಕಂದ್ರ ಸಂಜಿಗೆ ಇದೇ ವರಂದು ನಾ ಹಾಳಿ ಕಳಿಸಿದ್ದ ಆ ಮಧುಮತಿ ಜೋಡಿ ಇನ್ನೊಂದು ಲಗ್ನ ಐತಂತ.”

ಮೌನೇಶನಿಗೆ ನಾನೂರ ಹನ್ನೆರಡು ಕಣ್ಣ ಮುಂದೆ ಬಂತು. ಸೋಮವಾರ, ಒಬ್ಬನೇ ವರ ಒಂದೇ ದಿನ ಎರಡು ಮದುವೆಗೆ ಬುಕ್ ಮಾಡಿದರೆ ಪ್ರೋಗ್ರಾಂ ತಡೆಯುತ್ತದೆಯೇ ಎಂದು ನೋಡಲು ತನ್ನ ಹೆಸರನ್ನೇ ವರನೆಂದು ಹಾಕಿದ್ದ. ವಧುಗಳಿಗೆ ಹೆಸರು, ನಂಬರು ಬೇಕಾದಾಗ ಅಣ್ಣ ಕಳಿಸಿದ್ದ ಎರಡು ಹುಡುಗಿಯರ ವಿವರದ ಹಾಳೆಗಳು ಕೀಬೋರ್ಡಿನ ಪಕ್ಕದಲ್ಲೇ ಇದ್ದವು. ಪ್ರೋಗ್ರಾಂ ತಡೆದಿರಲಿಲ್ಲ. ಬೆಳಿಗ್ಗೆ ಅಳಿಸಿದ್ದೇನೋ ನಿಜ, ಆದರೆ ಅಳಿಸಿದ್ದು ಕಾಮನ್ ಅರೆಯಲ್ಲಿ, ನಾನೂರ ಹದಿನಾಲ್ಕರಲ್ಲಿ. ಸೀಡಿಗೆ ಹೋದದ್ದು ನಾನೂರ ಹನ್ನೆರಡರ ಕಾಮನ್ ಅರೆ.

“ಅಣ್ಣಾ, ಮಧುಮತಿ ಮನಿಗೂ ಫೋನ್ ಹೋಗೇತೇನು?”

“ಅವರ ಮನಿಯಿಂದನ ಈಗ ಬಂದೆ. ಮತ್ತ ಆ ಓಣಿಗೆ ನಾ ಹೋಗೂದಿಲ್ಲ.”

ಫೋನು ಕಟ್ಟಾಯಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಚಕ್ರಪಾಣಿ ರಜದ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಕೆಮ್ಮಿದರು.

“ಹಾಗಿದ್ರೆ ರಜ ಬೇಕಾಗಲ್ಲ ಅನ್ಸತ್ತೆ. ನಾಳೆ ಹಂಸಾದು ಹೋಗ್ಬೇಕು, ಗುರುವಾರ ಶ್ರೀಕರ್‌ದು. ಒಬ್ಬರ ಅರೆ ಮಾತ್ರ ಹೊರಗೆ ತೆಗೆಯೋದು ನಿಮಗೊಬ್ರಿಗೇ ಗೊತ್ತಲ್ವಾ?”

ಮೌನೇಶ ಬ್ಯಾಗನ್ನು ಕುರ್ಚಿಯ ಕೆಳಗಿಟ್ಟ. ಟಿಫನ್ ಕ್ಯಾರಿಯರ್ ತೆರೆದು, ಕರ್ಚೀಫು ಬಿಚ್ಚಿ, ಗಂಟೆಯನ್ನು ನಡುಮೇಜಿನ ಮೇಲಿಟ್ಟ. ಎಷ್ಟು ಜೋಪಾನವಾಗಿ ಇಟ್ಟರೂ ಅದು ಒಂದು ಸಲ ಢಣ್ ಎಂದಿತು.

ಅಮ್ಮಣ್ಣಿ ಬಾಗಿಲಲ್ಲಿ ಕಾಣಿಸಿಕೊಂಡರು. ಕುರ್ಚಿಯ ಕೆಳಗಿನ ಬ್ಯಾಗು ನೋಡಿ ಸಮಾಧಾನದಿಂದ ಹೇಳಿದರು:

“ಇನ್ನೂ ಹೊರಡ್ಲಿಲ್ವೇನಪ್ಪಾ? ರಾಹುಕಾಲ ನಾಲ್ಕೂವರೆಗೇ ಮುಗೀತು. ಈಗ ಹೊರಟ್ರೆ ಅಡ್ಡಿ ಆತಂಕ ಏನೂ ಇಲ್ಲ.”