ಹಿಣಿಲಿಲ್ಲದ ಆರು ಎತ್ತುಗಳು

ಸ್ವಚ್ಛ ಮಾಡುವುದು ನನಗೆ ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ನೆರವಾಗುವ ಉತ್ಸಾಹದಲ್ಲಿ ನಾನ್‌ಸ್ಟಿಕ್ ತವಾವನ್ನು ಬೆಳ್ಳಗಾಗುವವರೆಗೆ ತಿಕ್ಕಿ, ಶಭಾಷ್‌ಗಿರಿಗಾಗಿ ಕಾದು ನಿಂತವನು ನಾನು. ಇಂಥವನ ಕೈಗೆ ತರೀಕೆರೆಯ ಗೆಳೆಯ ಲೋಕೇಶ ತನ್ನ ಸೈನ್ಯವನ್ನು ಒಪ್ಪಿಸಿದ್ದು ಅವನದೇ ತಪ್ಪು.

ಸೈನ್ಯವೆಂದರೆ ಹೆಬ್ಬೆರಳೆತ್ತರದ ಪ್ಲಾಸ್ಟಿಕ್ ಗೊಂಬೆಗಳು. ಅವನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಯುದ್ಧವಾಡುವ ಹುಚ್ಚು ನಮ್ಮಿಬ್ಬರಿಗೂ ಇದೆ. ಗೊಂಬೆಗಳು ಬರುವುದು ಬಿಡಿಬಿಡಿಯಾಗಿ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಏಳುವ ಗೆರೆಯನ್ನು ಅರದಿಂದ ಉಜ್ಜಿ ತೆಗೆದು, ಆಮೇಲೆ ಕೈಕಾಲು ಅಂಟಿಸಬೇಕು. ಈ ಸಲದ್ದು ಫಿರಂಗಿ ಎಳೆಯುವ ಆರು ಅಮೃತಮಹಲ್ ಎತ್ತುಗಳು, ಅವನ್ನು ಹೊಡೆಯುವ ಒಬ್ಬ ಆಳು. ಲೋಕೇಶ ತಿಂಗಳುಗಟ್ಟಲೆ ಕಾದು ಮಾಡಿಸಿಕೊಂಡದ್ದು. ಇನ್ನೊಂದು ಸೆಟ್ಟು ಸಿಗುವುದಿಲ್ಲ. ಭಾನುವಾರ ಆಟ. ಶನಿವಾರ ಬೆಳಿಗ್ಗೆ ಕೂತೆ. ಎತ್ತಿನ ಬೆನ್ನ ಮೇಲೆ ಗೆರೆ ಎದ್ದಿತ್ತು, ಉಜ್ಜಿದೆ. ಒಂದು ನುಣ್ಣಗಾಯಿತು, ಉಳಿದವು ಅದಕ್ಕೆ ಸಮನಾಗಬೇಡವೇ? ಆರೂ ಮುಗಿಸಿ ನೋಡಿದರೆ ಒಂದರ ಹೆಗಲ ಮೇಲೂ ಹಿಣಿಲಿಲ್ಲ, ಡುಬ್ಬ ಇದ್ದ ಜಾಗ ಸಪಾಟು!

ಅದೇ ಹೊತ್ತಿಗೆ ಎಮ್ಮೆದೊಡ್ಡಿಯಿಂದ ಮಾವ ಬರಬೇಕೇ! ಅಲ್ಲಿನ ಅಮೃತಮಹಲ್ ಕಾವಲಿನಲ್ಲಿ ಮೇಯುವ ದನಗಳ ನಡುವೆಯೇ ಬೆಳೆದವರು ಅವರು. ಕನ್ನಡಕ ಏರಿಸಿ ಒಂದೊಂದನ್ನೇ ಅಂಗೈಯಲ್ಲಿಟ್ಟು ನೋಡಿದರು. "ಅಳಿಯಂದ್ರೇ, ಇವೇನು ಎತ್ತಾ, ಕತ್ತೆಗಳಾ? ನೊಗ ಎಲ್ಲಿಗೆ ಆನಿಸ್ತೀರಿ?" ಇದ್ದದ್ದನ್ನು ಹೇಳಿ, ಲೋಕೇಶನಿಗೆ ಹೇಗೆ ಮುಖ ತೋರಿಸಲಿ ಎಂದು ಗೋಳಾಡಿದೆ. "ಪೈಪ್ ಸೋರಿದ್ರೆ ಮೆತ್ತೋ ಅಂಟೈತಲ್ಲ, ತಗಂಬನ್ನಿ" ಎಂದರು. ಮಣ್ಣೆತ್ತಿನ ಅಮಾವಾಸ್ಯೆಗೆ ವರ್ಷವರ್ಷವೂ ಎತ್ತು ಮಾಡಿದ ಬೆರಳುಗಳು ಅವು. ಮುದ್ದೆ ನಾದಿ, ಚಿಟಿಕೆ ಚಿಟಿಕೆ ಮೆತ್ತಿ ತಿದ್ದಿದರು. ಅರ್ಧ ಗಂಟೆಯಲ್ಲಿ ಆರು ಹಿಣಿಲುಗಳು ಎದ್ದು ನಿಂತವು. ಹೋದ ಜೀವ ಬಂದಂತಾಯಿತು.

"ಇವನ ಮೂಗೆಲ್ಲಿ?" ಮಾವ ಆಳನ್ನು ಎತ್ತಿ ಹಿಡಿದಿದ್ದರು. ನನ್ನ ಅರ ಅಲ್ಲಿಗೂ ಹೋಗಿತ್ತು. ಉಳಿದ ಚೂರಿನಲ್ಲಿ ಮೂಗು ಮೆತ್ತಿ, ನನ್ನ ಮುಖ ನೋಡಿ, ಅದನ್ನು ಇನ್ನಷ್ಟು ಅಗಲ ಮಾಡಿದರು. "ಈಗ ಥೇಟ್ ನಿಮ್ಮಂಗವ್ನೆ."

ಭಾನುವಾರ ಲೋಕೇಶ ಎತ್ತುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ ಕೈಯೋ ನಿಂದು ಮಾರಾಯ!" ಎಂದ. ನಾನು ಮಾವನ ಹೆಸರೆತ್ತದೆ ದಾಳ ಕೈಗೆತ್ತಿಕೊಂಡೆ. ಸಂಜೆ ಮನೆಗೆ ಬರುತ್ತಲೇ ಮಾವನ ಫೋನು, ಆಟ ಏನಾಯಿತೆಂದು. "ಮೊದಲನೇ ಗುಂಡಿಗೇ ಎತ್ತು ಹೊಡೆಯುವವನು ಸತ್ತುಹೋದ ಮಾವ. ಅದೇ, ನನ್ನ ಮೂಗಿನವನು."

"ಅದಿರ್ಲಿ. ಎತ್ತು?"

"ಒಂದಕ್ಕೂ ಏನೂ ಆಗಿಲ್ಲ."

"ಸದ್ಯ, ಬದುಕ್ಕಂಡ್ವು!" ಎಂದು ಅವರು ಉಸಿರು ಬಿಟ್ಟದ್ದು ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ದನಗಳಿಗೂ ಕೇಳಿಸಿತು. ನನ್ನ ಪಕ್ಕದಲ್ಲಿ ನಿಂತಿದ್ದ ಅವರ ಮಗಳೂ "ಸದ್ಯ" ಎಂದಳು. ಸತ್ತವನ ವಿಷಯ ಇಬ್ಬರೂ ಎತ್ತಲಿಲ್ಲ.