ಖಾತ್ರಿ ಕಾಕಾ

ನಮ್ಮ ಕಾಕಾ ವಾಟ್ಸಾಪ್‌ನಲ್ಲಿ ಬಂದ ಸುದ್ದಿಗೆ ಕೈ ಮುಗಿದ ಚಿತ್ರ ಒತ್ತಬೇಕಾದರೂ ಖಾತ್ರಿ ಮಾಡಿಕೊಳ್ಳಲು ಬಸ್ ಹತ್ತುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವರೂ ಯಾವುದನ್ನೂ ಹಾಗೆಲ್ಲ ನಂಬುವವರಲ್ಲ. ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಅವರದೊಂದು ಕಿರಾಣಿ ಅಂಗಡಿ. ಫೋನು ಟಿಂಗ್ ಎಂದರೆ ಸಾಕು, ಅಂಗಡಿಯನ್ನು ಹೆಂಡತಿಗೆ, ಅಂದರೆ ನಮ್ಮ ಚಿಗವ್ವನಿಗೆ, ಒಪ್ಪಿಸಿ ಬಸ್‌ಸ್ಟ್ಯಾಂಡಿಗೆ ಹೊರಟುಬಿಡುತ್ತಾರೆ. ಬಳಗದವರು ಅವರಿಗಿಟ್ಟ ಹೆಸರು ಖಾತ್ರಿ ಕಾಕಾ.

ಕಳೆದ ವರ್ಷ ಶಹಾಪುರದ ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡರೆಂದು ನಮ್ಮ ಗ್ರೂಪಿನಲ್ಲಿ ಬಂತು. ನಾವೆಲ್ಲ ಒಗ್ಗರಣೆ ಹಾಕುತ್ತ, ಹಲ್ಲುಜ್ಜುತ್ತ 'ಓಂ ಶಾಂತಿ' ಒತ್ತಿದೆವು. ಕಾಕಾ ಮಾತ್ರ ಹೂವಿನ ಹಾರ ಹಿಡಿದು ಶಹಾಪುರಕ್ಕೆ ಹೋದರು. ಬಾಗಿಲು ತೆರೆದದ್ದು ಮಾಸ್ತರರೇ.

"ಹಾರ ಯಾರಿಗ್ರಿ?"

"ನಿಮಗ ತಂದಿದ್ದೆರಿ. ಈಗ ಬ್ಯಾಡಾತು ಬಿಡ್ರಿ."

ಮಾಸ್ತರರು ಹಾರ ಇಸಿದುಕೊಂಡು ದೇವರ ಫೋಟೋಕ್ಕೆ ಹಾಕಿ, ಚಹಾ ಕುಡಿಸಿ ಕಳಿಸಿದರಂತೆ.

ಇನ್ನೊಮ್ಮೆ ಕಡೇಚೂರಿನ ಹತ್ತಿರ ಕೂಲಿಗಳ ಗಾಡಿ ಉರುಳಿಬಿದ್ದಿದೆ ಎಂಬ ಸುದ್ದಿ. ಕಾಕಾ ಎರಡು ಬಸ್ಸು, ಒಂದು ಆಟೋ ಬದಲಿಸಿ ಹೋಗಿ ನೋಡಿದರೆ, ಕೂಲಿಯವರು ಮರದ ನೆರಳಿಗೆ ಕೂತು ರೊಟ್ಟಿ ಬಿಚ್ಚುತ್ತಿದ್ದರು.

"ಯಾರಿಗೂ ಏನೂ ಆಗಿಲ್ಲಲ್ರಿ?"

"ಹಸಿವಾಗ್ಯದರಿ, ಅಷ್ಟ. ನೀವೂ ಕುಂದರ್ರಿ."

ಕಾಕಾ ಕೂತು ಉಂಡು ಬಂದರು. "ಇಂವ ಖಾತ್ರಿ ಮಾಡಾಕ ಹೋಗ್ಯಾನೋ, ಊಟಕ್ಕ ಹೋಗ್ಯಾನೋ" ಎಂದು ಚಿಗವ್ವ ಗೊಣಗಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಬ್ಬ ಮನುಷ್ಯನಿಗೆ ಇಂಥ ಹುಚ್ಚು ಸುಮ್ಮನೆ ಹಿಡಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ಕಾಕಾ ಯಾದಗಿರಿಯ ನಮ್ಮ ಮನೆಗೆ ಬಂದರು. ಕೊಟ್ಟ ನೀರು ಕುಡಿದು, ತಂಬಿಗೆ ಕೆಳಗಿಟ್ಟು ಹೇಳಿದರು:

"ನಿನ್ನ ಫೋನ್ ತೋರಸವ್ವಾ. ಎರಡು ವರ್ಷದ ಹಿಂದ ನಾ ನಿನಗೊಂದು ಫೋಟೋ ಕಳಿಸಿದ್ದೆ."

ಆಮೇಲೆ ಅವರೇ ಎಲ್ಲ ಹೇಳಿದರು. ಆಗ ಅವರು ಬೇರೆಯೇ ಮನುಷ್ಯ. ಬಂದದ್ದನ್ನು ಓದುವ ಮೊದಲೇ ಮುಂದಕ್ಕೆ ಕಳಿಸುವವರು. ಒಂದು ದಿನ, ಬುಟ್ಟಿ ಹೊತ್ತ ಹೆಂಗಸಿನ ಫೋಟೋ ಬಂತು. 'ಮಕ್ಕಳ ಕಳ್ಳಿ, ಗೋಗಿ ಕಡೆ ತಿರುಗುತ್ತಿದ್ದಾಳೆ, ಎಲ್ಲರಿಗೂ ಕಳಿಸಿ' ಎಂದು ಅದರ ಕೆಳಗೆ ಬರೆದಿತ್ತು. ಕಾಕಾ ಎಲ್ಲರಿಗೂ ಕಳಿಸಿ, ಊಟ ಮಾಡಿ ಮಲಗಿದರು. ಅವರು ಏಳುವಷ್ಟರಲ್ಲಿ ಗೋಗಿ ಊರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಆಕೆಯನ್ನು ಜನ ಮುತ್ತಿ ಹೊಡೆದಿದ್ದರು. ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ಬಡವಿ ಆಕೆ. ಪೊಲೀಸರು ಬಂದದ್ದಕ್ಕೆ ಜೀವ ಉಳಿಯಿತು. ಒಂದು ಕಣ್ಣು ಉಳಿಯಲಿಲ್ಲ.

ಕಾಕಾನನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಅವರು ಆಸ್ಪತ್ರೆಗೆ ಹೋಗಿ ಆಕೆಯ ಮಂಚದ ಹತ್ತಿರ ನಿಂತರು.

"ನಿನ್ನ ಫೋಟೋ ನಾನೂ ಕಳಿಸೀನವ್ವಾ" ಎಂದರು.

ಆಕೆ ಬೈಯಲಿಲ್ಲ. ಉಳಿದ ಕಣ್ಣಿನಿಂದ ಅವರನ್ನೇ ನೋಡಿ, "ನನ್ನ ಮಗಳ ಹಂತ್ಯಾಕೂ ಫೋನ್ ಅದರಿ. ಆ ಫೋಟೋ ಆಕಿಗಿ ಮುಟ್ಟಲಾರದಂಗ ಮಾಡ್ರಿ" ಎಂದಳಂತೆ.

ಅಂದಿನಿಂದ ಕಾಕಾ ತಾವು ಫೋಟೋ ಕಳಿಸಿದ ಒಬ್ಬೊಬ್ಬರ ಮನೆಗೂ ಹೋಗಿ, ಎದುರಿಗೆ ಕೂತು ಅದನ್ನು ಅಳಿಸಲು ಹಚ್ಚುತ್ತಿದ್ದಾರೆ. ಕೆಲವರು ನಕ್ಕರು. ಕೆಲವರು, ಅದು ಈಗ ಎಲ್ಲೆಲ್ಲಿ ಹೋಗಿದೆಯೋ, ಹಿಡಿಯಲು ಆಗುತ್ತದೆಯೇ ಎಂದರು. ಆಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

"ನಿನ್ನ ಹಂತ್ಯಾಕ ಬರಾಕ ನಾಚಿಕಿ ಆಗಿತ್ತವ್ವಾ. ಅದಕ್ಕ ಕಡೀಗಿ ಬಂದೀನಿ."

ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದೆ. ಫೋಟೋ ಸಿಕ್ಕಿತು. ಅದರ ಕೆಳಗೆ ನನ್ನದೇ ಉತ್ತರವೂ ಇತ್ತು: 'ನಮ್ಮ ಓಣಿಯವರಿಗೆಲ್ಲ ಕಳಿಸಿದೆ ಕಾಕಾ.' ನನಗದು ನೆನಪೇ ಇರಲಿಲ್ಲ. ಅಳಿಸಲು ಬೆರಳಿಟ್ಟೆ. ಕಾಕಾ ಮೆಲ್ಲಗೆ ನನ್ನ ಕೈ ಹಿಡಿದರು.

"ತಡಿಯವ್ವಾ. ಒಮ್ಮಿ ಆಕಿ ಮಾರಿ ನೋಡು. ಯಾರೋ ಫೋಟೋ ತೆಗೀತಾರಂತ ಸೆರಗ ಸರಿ ಮಾಡ್ಕೊಂಡು ನಿಂತಾಳ."

ನೋಡಿದೆ. ಆಕೆ ನಗುತ್ತಿದ್ದಳು.